ಟೈಲ್ಸ್ ಆಮೇಲೆ, ಮೊದಲು ಚಟ್ನಿ ಪಾತ್ರೆ ನೋಡಿ

ಪ್ರಶ್ನೆ: ದಾವಣಗೆರೆಯಲ್ಲಿ ಮೂವತ್ತು ಜನ ಕೂರುವಷ್ಟು ಜಾಗದ ಬೆಣ್ಣೆದೋಸೆ ಹೋಟೆಲ್ ನಮ್ಮದು. ಬೆಳಿಗ್ಗೆ ದೋಸೆ, ಸಂಜೆ ಮಿರ್ಚಿ-ಮಂಡಕ್ಕಿ. ಕಳೆದ ವಾರ ಆಹಾರ ಸುರಕ್ಷತಾ ಅಧಿಕಾರಿ ಬಂದು ಅಡುಗೆಮನೆ ನೋಡಿದರು, ಬೆಣ್ಣೆಯ ಸ್ಯಾಂಪಲ್ ತೆಗೆದುಕೊಂಡು ಹೋದರು. ಈಗ 14 ದಿನಗಳ ಸುಧಾರಣಾ ನೋಟಿಸ್ ಬಂದಿದೆ. ಚಟ್ನಿ-ಪಲ್ಯದ ತಾಪಮಾನ, ಕರಿದ ಎಣ್ಣೆ, ನೀರಿನ ವರದಿ, ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರ, ಇಲಿ, ಗೋಡೆ ಎಲ್ಲಾ ಸೇರಿ ಒಂಬತ್ತು ಅಂಶ ಬರೆದಿದ್ದಾರೆ. ಗೋಡೆಗೆ ಟೈಲ್ಸ್ ಹಾಕಿಸಿ ಬಣ್ಣ ಹೊಡೆಸಿದರೆ ಸಾಕು ಅಂತ ಪರಿಚಯದವರು ಹೇಳುತ್ತಾರೆ. ಸಾಕಾ? ಸೌದೆ ಒಲೆ ತೆಗೆಯಬೇಕಾ? ಬೆಣ್ಣೆಯ ವರದಿ ಕೆಟ್ಟು ಬಂದರೆ ಏನು ಗತಿ?

ಉತ್ತರ: ಟೈಲ್ಸ್ ಮಾತ್ರ ಹಾಕಿಸಿದರೆ ಸಾಲದು. ಮರುತಪಾಸಣೆಯ ದಿನ ಅಧಿಕಾರಿ ಹೊಳೆಯುವ ಗೋಡೆ ನೋಡಿ ತಲೆಯಾಡಿಸಬಹುದು. ಆದರೆ ಹನ್ನೊಂದು ಗಂಟೆಗೆ ಚಟ್ನಿ ಪಾತ್ರೆಯಲ್ಲಿ ಥರ್ಮಾಮೀಟರ್ ಇಟ್ಟಾಗ 34 ಡಿಗ್ರಿ ತೋರಿಸಿದರೆ ನೀವು ಹಾಕಿಸಿದ ಟೈಲ್ಸ್ ನಿಮ್ಮ ಪರ ಮಾತಾಡುವುದಿಲ್ಲ. ಅಡುಗೆಮನೆ ತಪಾಸಣೆಯ ಪಟ್ಟಿಯಲ್ಲಿ ಎಲ್ಲ ಅಂಶಗಳಿಗೂ ಒಂದೇ ತೂಕ ಇರುವುದಿಲ್ಲ. ಸಾಮಾನ್ಯ ಅಂಶಕ್ಕೆ 2 ಅಂಕ, ನಕ್ಷತ್ರ ಗುರುತಿನ ಅಂಶಕ್ಕೆ 4. ಕುಡಿಯಲು ಯೋಗ್ಯ ನೀರು, ಬೇಯಿಸುವ ಮತ್ತು ಇಡುವ ತಾಪಮಾನ, ಕೈಶುಚಿಯಂಥವಕ್ಕೆ ಈ ನಕ್ಷತ್ರ. ಅಲ್ಲಿ ಎಡವಿದರೆ ಉಳಿದ ಅಂಕ ಎಷ್ಟೇ ಬಂದರೂ ಲೆಕ್ಕಕ್ಕಿಲ್ಲ. ಮೇಲೆ ಥಳಕು ಒಳಗೆ ಹುಳುಕು ಎನ್ನುವುದನ್ನು ಹಿಡಿಯಲಿಕ್ಕೇ ಈ ಪಟ್ಟಿ ಮಾಡಿರುವುದು.

ಹಾಗಾಗಿ ನಿಮ್ಮ ಹೋಟೆಲಿನಲ್ಲಿ ನಿಜವಾದ ಅಪಾಯ ಎಲ್ಲಿದೆ ಎನ್ನುವುದರಿಂದ ಶುರು ಮಾಡೋಣ. ದೋಸೆಯಲ್ಲಿ ಹೆಚ್ಚೇನಿಲ್ಲ. ಅಕ್ಕಿ, ಉದ್ದು, ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟು ರಾತ್ರಿಯೆಲ್ಲಾ ಹುದುಗಿ ಹುಳಿ ಬಂದು ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಹೆಚ್ಚು) 4.5ರ ಆಸುಪಾಸಿಗೆ ಇಳಿದಿರುತ್ತದೆ. ಆ ಹುಳಿಯಲ್ಲಿ ರೋಗಕಾರಕಗಳು ಬೆಳೆಯುವುದು ಕಷ್ಟ. ಮೇಲೆ ಕಾದ ಕಾವಲಿ. ಹುಳಿ ಹೆಚ್ಚಾದ ಹಿಟ್ಟು ರುಚಿ ಕೆಡಿಸೀತೇ ಹೊರತು ಹೊಟ್ಟೆ ಕೆಡಿಸುವುದು ಅಪರೂಪ. ಆದರೆ ದೋಸೆಯ ಜೊತೆ ತಟ್ಟೆಗೆ ಬೀಳುವ ಚಟ್ನಿ ಮತ್ತು ಆಲೂಗಡ್ಡೆ ಪಲ್ಯ ಎರಡಕ್ಕೂ ಈ ರಕ್ಷಣೆ ಇಲ್ಲ.

ಚಟ್ನಿಯನ್ನು ಒಂದು ಸಲ ಹತ್ತಿರದಿಂದ ನೋಡಿ. ಹಸಿ ಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ, ಉಪ್ಪು, ನೀರು. ಇದರಲ್ಲಿ ಯಾವುದೂ ಒಲೆ ಕಂಡಿಲ್ಲ, ಹುರಿಗಡಲೆ ಬಿಟ್ಟರೆ. ಕಾಯಿ ತುರಿದ ಕೈ, ಮೆಣಸಿನಕಾಯಿಗೆ ಅಂಟಿದ ಮಣ್ಣು, ಸಂಪಿನ ನೀರು, ಮಿಕ್ಸಿ ಜಾರಿನ ರಬ್ಬರ್ ವಾಷರ್ ಕೆಳಗೆ ಉಳಿದ ನಿನ್ನೆಯ ಚಟ್ನಿ, ಎಲ್ಲದರ ಕೊಡುಗೆಯೂ ಅದರೊಳಗೆ ಇರುತ್ತದೆ. ಪ್ರೋಟೀನು, ಕೊಬ್ಬು, ನೀರು ಮೂರೂ ಇರುವ, ಹುಳಿಯೇ ಇಲ್ಲದ ಪದಾರ್ಥ. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಊಟ ಬೇಕಿಲ್ಲ. ಬೆಳಿಗ್ಗೆ 6ಕ್ಕೆ ರುಬ್ಬಿದಾಗ ಒಂದು ಚಮಚದಲ್ಲಿ 100 ಇದ್ದವು ಅಂತಿಟ್ಟುಕೊಳ್ಳಿ. ಒಲೆಯ ಪಕ್ಕದ ಕಾವಿನಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ 10 ಗಂಟೆಗೆ 12 ಸಲ ಇಮ್ಮಡಿಯಾಗಿ 4 ಲಕ್ಷ ದಾಟುತ್ತವೆ. ನಾಲ್ಕು ಗಂಟೆಯ ಹಿಂದೆ ಇದೇ ಚಟ್ನಿ ತಿಂದವನಿಗೆ ಏನೂ ಆಗಿರುವುದಿಲ್ಲ. ‘ನಮ್ಮಲ್ಲಿ ತಿಂದ ಇನ್ನೂರು ಜನ ಆರಾಮಾಗಿದ್ದಾರೆ, ನಿನಗೊಬ್ಬನಿಗೇ ಹೆಂಗೆ’ ಅಂತ ಗಿರಾಕಿಯ ಜೊತೆ ವಾದಕ್ಕಿಳಿಯುವ ಮಾಲೀಕರು ಮರೆಯುವುದು ಇದನ್ನೇ.

ಪರಿಹಾರ ಕಷ್ಟದ್ದಲ್ಲ. ಬೆಳಿಗ್ಗೆ ಐದಕ್ಕೇ ಹತ್ತು ಲೀಟರ್ ರುಬ್ಬಿಡುವ ಪದ್ಧತಿ ಬಿಡಿ. ಒಂದೂವರೆ ಗಂಟೆಗೊಮ್ಮೆ ಎರಡೆರಡು ಲೀಟರ್ ರುಬ್ಬಿ. ಹಾಕುವ ನೀರು ಹಿಂದಿನ ರಾತ್ರಿ ಕುದಿಸಿ, ಮುಚ್ಚಿ ಆರಿಸಿ, ಫ್ರಿಜ್ಜಿನಲ್ಲಿಟ್ಟ ನೀರಾಗಿರಲಿ. ತಣ್ಣೀರಿನಲ್ಲಿ ರುಬ್ಬಿದರೆ ಮಿಕ್ಸಿಯ ಕಾವೂ ಚಟ್ನಿಗೆ ಅಷ್ಟು ತಟ್ಟುವುದಿಲ್ಲ. ಬಡಿಸುವ ಸ್ಟೀಲ್ ಪಾತ್ರೆಯನ್ನು ಐಸು-ನೀರು ತುಂಬಿದ ದೊಡ್ಡ ಬೇಸಿನ್ನಿನೊಳಗೆ ಕೂರಿಸಿ, ಐಸು ಚಟ್ನಿಯ ಮಟ್ಟದವರೆಗೆ ಬರಬೇಕು. ತಳಕ್ಕೆ ಮಾತ್ರ ಮುಟ್ಟಿದರೆ ಮೇಲಿನ ಅರ್ಧ ಬೆಚ್ಚಗೇ ಇರುತ್ತದೆ. ನಿಯಮದ ಪ್ರಕಾರ ತಣ್ಣಗೆ ಇಡುವ ಪದಾರ್ಥ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಇದಕ್ಕಿಂತಲೂ ಮುಖ್ಯವಾದ ಮಾತು: ಖಾಲಿಯಾಗುತ್ತಾ ಬಂದ ಪಾತ್ರೆಗೆ ಹೊಸ ಚಟ್ನಿ ಸುರಿಯಬೇಡಿ. ತಳದಲ್ಲಿ ಉಳಿದ ಒಂದು ಸೌಟು ಹಳೆಯದು ಹೊಸದಕ್ಕೆ ಹೆಪ್ಪು ಹಾಕಿದಂತೆ. ಹೊಸ ಸರದಿಗೆ ಹೊಸ ಪಾತ್ರೆ, ಹೊಸ ಸೌಟು. ಮಿಕ್ಸಿ ಜಾರಿನ ಬ್ಲೇಡ್ ಮತ್ತು ವಾಷರ್ ದಿನಕ್ಕೊಮ್ಮೆ ಬಿಚ್ಚಿ ಬಿಸಿನೀರಲ್ಲಿ ತೊಳೆಯಿರಿ. ಬಿಚ್ಚಿ ಮೂಸಿ ನೋಡಿದರೆ ಏಕೆಂದು ನಿಮಗೇ ಗೊತ್ತಾಗುತ್ತದೆ.

ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ತೊಳೆಯಲು 50 ಪಿಪಿಎಂ, ಅಂದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರುವ ನೀರು ಬಳಸಬೇಕು. ಅಂಗಡಿಯಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 4% ಇದ್ದರೆ 20 ಲೀಟರ್ ನೀರಿಗೆ 25 ಮಿಲಿ. ಮೊದಲು ಮಣ್ಣು ಹೋಗುವಂತೆ ಬರೀ ನೀರಲ್ಲಿ ಜಾಲಾಡಿ, ಆಮೇಲೆ ಇದರಲ್ಲಿ ಐದು ನಿಮಿಷ ಮುಳುಗಿಸಿ, ಕೊನೆಗೆ ಕುಡಿಯುವ ನೀರಿನಲ್ಲಿ ತೊಳೆಯಿರಿ. ಮಣ್ಣಿನ ಜೊತೆಗೇ ಹಾಕಿದರೆ ಕ್ಲೋರಿನ್ ಮಣ್ಣಿನಲ್ಲೇ ಕರಗಿಹೋಗುತ್ತದೆ. ಬಾಟಲಿ ಸುವಾಸನೆ ಸೇರಿಸಿದ್ದಾಗಿರಬಾರದು. ಟಾಯ್ಲೆಟ್ ತೊಳೆಯುವ ಆಸಿಡ್ ಪಕ್ಕದಲ್ಲಂತೂ ಇಡಲೇಬೇಡಿ. ಎರಡೂ ಬೆರೆತರೆ ಬರುವುದು ವಿಷಗಾಳಿ.

ಪಲ್ಯದ ಕತೆ ಇನ್ನೊಂದು ಬಗೆಯದು. ‘ಬೇಯಿಸಿದ್ದೇವಲ್ಲ’ ಎನ್ನುವುದೇ ಅಲ್ಲಿ ಮೋಸ ಮಾಡುತ್ತದೆ. ಮಣ್ಣಿನಲ್ಲಿ ಬೆಳೆದ ಆಲೂಗಡ್ಡೆಯ ಜೊತೆ ಬ್ಯಾಕ್ಟೀರಿಯಾದ ಬೀಜಾಣುಗಳು ಬರುತ್ತವೆ, ಗಟ್ಟಿ ಕವಚದವು. ಕುದಿಯುವ ನೀರು ಅವನ್ನು ಸಾಯಿಸುವುದಿಲ್ಲ, ಎಬ್ಬಿಸುತ್ತದೆ. ಹತ್ತು ಕಿಲೋ ಪಲ್ಯವನ್ನು ಆಳದ ಹಂಡೆಯಲ್ಲಿ ಮುಚ್ಚಿಟ್ಟರೆ ಮೇಲೆ ತಣ್ಣಗೆ ಕಂಡರೂ ನಡುಮಧ್ಯ ಗಂಟೆಗಟ್ಟಲೆ 40-45 ಡಿಗ್ರಿಯಲ್ಲೇ ಇರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಜೀವಿಗೆ ಆ ಕಾವು, ಗಾಳಿಯಿಲ್ಲದ ಆ ಮಧ್ಯಭಾಗ ಎರಡೂ ಬಹಳ ಇಷ್ಟ. ತಿಂದವರಿಗೆ ಎಂಟು-ಹತ್ತು ಗಂಟೆಯ ಮೇಲೆ ಹೊಟ್ಟೆನೋವು, ಭೇದಿ. ಅಷ್ಟು ಹೊತ್ತಿಗೆ ಅವರು ಬೇರೆಲ್ಲೋ ಊಟ ಮಾಡಿರುತ್ತಾರೆ, ನಿಮ್ಮ ಹೆಸರು ನೆನಪಿಗೂ ಬರುವುದಿಲ್ಲ. ಇನ್ನೊಂದು, ಬೆಂದ ಗಡ್ಡೆಯ ಸಿಪ್ಪೆ ಸುಲಿದು ಹಿಸುಕುವ ಕೈ. ಚರ್ಮದ ಮೇಲೆ, ಮೂಗಿನಲ್ಲಿ, ಕುಯ್ದ ಗಾಯದಲ್ಲಿ ಇರುವ ಸ್ಟಫೈಲೊಕಾಕಸ್ ಆಗ ಪಲ್ಯಕ್ಕೆ ಇಳಿದು ವಿಷ ಬಿಡುತ್ತದೆ. ಆ ವಿಷವನ್ನು ಅರ್ಧ ಗಂಟೆ ಕುದಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ‘ಇನ್ನೊಂದ್ಸಲ ಬಿಸಿ ಮಾಡಿದ್ರಾಯ್ತು’ ಎನ್ನುವ ಮಾತನ್ನು ಅಡುಗೆಮನೆಯಿಂದಲೇ ಓಡಿಸಿ. ಮತ್ತೆ ಬಿಸಿ ಮಾಡುವುದಕ್ಕೆ ನಿಯಮ ಇದೆ, ಮಧ್ಯಭಾಗ 75 ಡಿಗ್ರಿ ಮುಟ್ಟಿ ಎರಡು ನಿಮಿಷ ಅಲ್ಲೇ ಇರಬೇಕು ಅಂತ. ಆದರೆ ಅದು ಸರಿಯಾಗಿ ತಣ್ಣಗಿಟ್ಟ ಪದಾರ್ಥಕ್ಕೆ, ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದಕ್ಕಲ್ಲ.

ನಿಮಗೆ ಸುಲಭದ ದಾರಿ ಬಿಸಿಯಾಗೇ ಇಡುವುದು. ಬಿಸಿ ಬಡಿಸುವ ಪದಾರ್ಥ 65 ಡಿಗ್ರಿಗಿಂತ ಕೆಳಗಿಳಿಯಬಾರದು. ಸೌದೆ ಒಲೆಯ ಅಂಚಿನಲ್ಲಿ ಹೇಗೂ ಪುಕ್ಕಟೆ ಕಾವಿದೆ. ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಪಲ್ಯದ ಪಾತ್ರೆ ಕೂರಿಸಿ. ಸುತ್ತಲ ನೀರು 80-85 ಡಿಗ್ರಿ ಇದ್ದರೆ ಪಲ್ಯ 65ರ ಮೇಲೆ ನಿಲ್ಲುತ್ತದೆ. ಮುಚ್ಚಳ ಬೇಕೇ ಬೇಕು, ಅರ್ಧ ಗಂಟೆಗೊಮ್ಮೆ ತಳದಿಂದ ತಿರುವಬೇಕು. ದೋಸೆ ಹಾಕುವವರು ಪಲ್ಯಕ್ಕೆ ಕೈ ಹಾಕದಂತೆ ಉದ್ದ ಹಿಡಿಯ ಸೌಟು ಕೊಡಿ. ದುಡ್ಡು ಎಣಿಸಿದ ಕೈ, ಬೆಣ್ಣೆ ಸವರಿದ ಕೈ, ಪಲ್ಯ ಎತ್ತಿದ ಕೈ ಒಂದೇ ಆಗಿರುವ ಕೌಂಟರುಗಳಲ್ಲಿ ತಪಾಸಣೆ ಅಲ್ಲೇ ಮುಗಿದಂತೆ. ಉಳಿದದ್ದನ್ನು ಫ್ರಿಜ್ಜಿಗೆ ಹಾಕಲೇಬೇಕಿದ್ದರೆ ಎರಡು ಇಂಚಿಗಿಂತ ದಪ್ಪ ಆಗದಂತೆ ಟ್ರೇಯಲ್ಲಿ ಹರಡಿ. 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನೆರಡು ಗಂಟೆಯೊಳಗೆ ಇಳಿಯಬೇಕು. ಹಂಡೆಯನ್ನು ಹಾಗೇ ಒಳಗೆ ತಳ್ಳಿದರೆ ಪಲ್ಯವೂ ಆರುವುದಿಲ್ಲ, ಪಕ್ಕದ ಹಾಲು-ಮೊಸರೂ ಕೆಡುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಉಳಿದ ಪಲ್ಯವನ್ನು ಚೆಲ್ಲುವುದೇ ಲಾಭ. ಅಳತೆ ನೋಡಿ ಕಮ್ಮಿ ಮಾಡುವುದನ್ನು ಕಲಿತರೆ ಚೆಲ್ಲುವುದೂ ಇರುವುದಿಲ್ಲ.

ಇಷ್ಟಕ್ಕೆ ಬೇಕಾದ ಸಾಮಾನು ಚುಚ್ಚುವ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್, ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ತಂದ ದಿನ ಪರೀಕ್ಷಿಸಿ. ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸುವುದಿಲ್ಲ, ಗಾಬರಿ ಬೇಡ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು 98ರ ಹತ್ತಿರ ಕುದಿಯುತ್ತದೆ. ಚಿತ್ರದುರ್ಗದಲ್ಲಿ ಇನ್ನೂ ಅರ್ಧ ಡಿಗ್ರಿ ಕಮ್ಮಿ. ಒಂದರಿಂದ ಇನ್ನೊಂದಕ್ಕೆ ಚುಚ್ಚುವ ಮುನ್ನ ಕಡ್ಡಿ ಒರೆಸಿ ಸ್ಪಿರಿಟ್ ಹಚ್ಚಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟು ಸಮಯ, ಪದಾರ್ಥ, ಡಿಗ್ರಿ, ಸಹಿ ಅಂತ ನಾಲ್ಕು ಕಲಂ ಎಳೆಯಿರಿ. ಬೆಳಿಗ್ಗೆ ಮೂರು ಸಲ, ಸಂಜೆ ಎರಡು ಸಲ ಬರೆದರೆ ಸಾಕು. ಅಧಿಕಾರಿ ಬರುವ ಹಿಂದಿನ ರಾತ್ರಿ ಕೂತು ಹದಿನಾಲ್ಕು ದಿನದ್ದನ್ನೂ ಒಂದೇ ಪೆನ್ನಿನಲ್ಲಿ 68, 68, 68 ಎಂದು ತುಂಬಿದ ಪುಸ್ತಕ ನೋಡಿದ ಕೂಡಲೇ ತಿಳಿಯುತ್ತದೆ. ನಿಜವಾದ ಪುಸ್ತಕದಲ್ಲಿ ಎಣ್ಣೆಯ ಕಲೆ ಇರುತ್ತದೆ, ಒಂದು ದಿನ 58 ಅಂತ ಬರೆದು ಪಕ್ಕದಲ್ಲಿ ‘ಮತ್ತೆ ಒಲೆ ಮೇಲಿಟ್ಟೆ, 74’ ಅಂತಿರುತ್ತದೆ. ಅಂಥ ಪುಸ್ತಕಕ್ಕೇ ಬೆಲೆ.

ನೀರಿನ ವಿಷಯ. ಪಾಲಿಕೆ ನೀರು ಬಂದ ದಿನ ಸಂಪು ತುಂಬಿಸಿ, ಸಾಲದಿದ್ದಾಗ ಅದೇ ಸಂಪಿಗೆ ಟ್ಯಾಂಕರ್ ಅಥವಾ ಬೋರ್ ನೀರು ಬಿಟ್ಟುಕೊಳ್ಳುವುದು ನಿಮ್ಮಲ್ಲೂ ಇದ್ದರೆ ಪಾಲಿಕೆಯವರು ಹಾಕಿದ ಕ್ಲೋರಿನ್ ಅಲ್ಲಿಗೆ ಮುಗಿಯಿತು. ತುಂಗಭದ್ರೆಯ ನೀರು ಶುದ್ಧವಾಗಿಯೇ ಬಂದಿರಬಹುದು, ನಿಮ್ಮ ಸಂಪಿನ ತಳದ ಕೆಸರು ಅದಕ್ಕೆ ಗೊತ್ತಿಲ್ಲವಲ್ಲ. ಸಂಪು ಖಾಲಿ ಮಾಡಿಸಿ ಉಜ್ಜಿ ತೊಳೆಸಿ, ದಿನಾಂಕವನ್ನು ಗೋಡೆ ಮೇಲೆ ಬರೆಸಿ. ನಂತರ 1000 ಲೀಟರಿಗೆ ಸುಮಾರು 8 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್, ಬಕೆಟ್ಟಿನಲ್ಲಿ ಕಲಸಿ ತಿಳಿ ಮಾತ್ರ ಸುರಿದು ಅರ್ಧ ಗಂಟೆ ಬಿಡಿ. ಅಡುಗೆಮನೆ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಸಿಗಬೇಕು, ಹನಿ ಹಾಕಿ ಬಣ್ಣ ನೋಡುವ ಕಿಟ್ ಸಾಕು. ತಿಂಗಳುಗಟ್ಟಲೆ ಬಾಯಿ ತೆರೆದಿಟ್ಟ ಬ್ಲೀಚಿಂಗ್ ಚೀಲದಲ್ಲಿ ಉಳಿದಿರುವುದು ಸುಣ್ಣ ಮಾತ್ರ, ಅದನ್ನು ಹಾಕಿ ಪ್ರಯೋಜನವಿಲ್ಲ.

ವರದಿಗಾಗಿ ಸ್ಯಾಂಪಲ್ ತೆಗೆಯುವಾಗ ಹೆಚ್ಚಿನವರು ಖಾಲಿ ಮಿನರಲ್ ವಾಟರ್ ಬಾಟಲಿ ತುಂಬಿಸಿ ಕೊಡುತ್ತಾರೆ. ಆ ವರದಿ ಕೆಟ್ಟು ಬಂದರೆ ನೀರು ಕೆಟ್ಟಿತ್ತೋ ಬಾಟಲಿ ಕೆಟ್ಟಿತ್ತೋ ಹೇಳಲಾಗುವುದಿಲ್ಲ. ಲ್ಯಾಬಿನವರೇ ಕೊಡುವ ಶುದ್ಧೀಕರಿಸಿದ ಬಾಟಲಿ ತನ್ನಿ, ಸಂಪಿನಿಂದಲ್ಲ, ಚಟ್ನಿಗೆ ನೀರು ಹಿಡಿಯುವ ನಲ್ಲಿಯಿಂದಲೇ, ಎರಡು-ಮೂರು ನಿಮಿಷ ನೀರು ಬಿಟ್ಟು ತುಂಬಿಸಿ. ಐಸಿನ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಲಿ, ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರ ಪ್ರಕಾರ ಪರೀಕ್ಷಿಸಿ ಅಂತ ಬರೆದುಕೊಡಿ. 100 ಮಿಲಿ ನೀರಿನಲ್ಲಿ ಇ. ಕೊಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು. ಆರು ತಿಂಗಳಿಗೊಮ್ಮೆ ಮಾಡಿಸುತ್ತಿರಿ. ಲ್ಯಾಬ್ ವರದಿಗೆ ದಿನ ಹಿಡಿಯುವುದರಿಂದ ನಿಮ್ಮ ಹದಿನಾಲ್ಕು ದಿನದಲ್ಲಿ ಮೊದಲ ದಿನದ ಕೆಲಸವೇ ಇದು.

ವೈದ್ಯಕೀಯ ಪ್ರಮಾಣಪತ್ರ ಬೇಗ ಆಗುವ ಕೆಲಸ. ವರ್ಷಕ್ಕೊಮ್ಮೆ, ನೋಂದಾಯಿತ ವೈದ್ಯರಿಂದ, ಆಹಾರ ಪರವಾನಗಿ ನಿಯಮಗಳ ಶೆಡ್ಯೂಲ್ 4ರಲ್ಲಿರುವ ನಮೂನೆಯಲ್ಲೇ. ಟೈಫಾಯ್ಡ್ ಮೊದಲಾದ ಕರುಳಿನ ರೋಗಗಳ ಲಸಿಕೆಯ ದಾಖಲೆ ಸೇರಿರಬೇಕು. ತಟ್ಟೆ ತೊಳೆಯುವವರನ್ನು ಬಿಟ್ಟು ಅಡುಗೆಯವರಿಗೆ ಮಾತ್ರ ಮಾಡಿಸುವುದು ಸಾಮಾನ್ಯ ತಪ್ಪು. ಆದರೆ ಕಾಗದ ಒಂದು ದಿನದ ಸತ್ಯ, ನಾಳೆ ಭೇದಿ ಶುರುವಾದ ಹುಡುಗನ ಜೇಬಲ್ಲೂ ಅದೇ ಪ್ರಮಾಣಪತ್ರ ಇರುತ್ತದೆ. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಅವನು ಆಹಾರ ಮುಟ್ಟಬಾರದು. ಆ ಎರಡು ದಿನದ ಕೂಲಿ ಕತ್ತರಿಸಿದರೆ ಯಾವನೂ ನಿಮಗೆ ಹೇಳುವುದಿಲ್ಲ. ಹೊಟ್ಟೆ ಹಿಡಿದುಕೊಂಡೇ ಪಲ್ಯ ಕಲಸುತ್ತಾನೆ.

ಸಂಜೆಯ ಮಿರ್ಚಿಗೆ ಬರೋಣ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಟಿಪಿಸಿ), ಅಂದರೆ ಎಣ್ಣೆ ಪದೇ ಪದೇ ಕಾದು ಒಡೆದಾಗ ಹುಟ್ಟುವ ವಸ್ತುಗಳು, 25% ದಾಟಬಾರದು ಎನ್ನುವ ನಿಯಮ 2018ರ ಜುಲೈ 1ರಿಂದ ಇದೆ. ಅಧಿಕಾರಿಗಳ ಬಳಿ ಇದನ್ನು ಬಾಣಲೆಯಲ್ಲೇ ಅದ್ದಿ ಅಳೆಯುವ ಮೀಟರ್ ಇರುತ್ತದೆ. ನಿಮ್ಮ ಬಾಣಲೆಯಲ್ಲಿ ಎಣ್ಣೆ ಬೇಗ ಸಾಯುವುದಕ್ಕೆ ಮೂರು ಕಾರಣ. ಕಡಲೆಹಿಟ್ಟಿಗೆ ಹಾಕಿದ ಸೋಡ ಎಣ್ಣೆಯನ್ನು ಒಡೆಯುತ್ತದೆ, ಸಾಬೂನು ಮಾಡುವ ಕ್ರಿಯೆಯೇ ಸಣ್ಣದಾಗಿ ನಡೆದು ನೊರೆ ಏಳುತ್ತದೆ. ಉದುರಿದ ಹಿಟ್ಟಿನ ಕಾಳುಗಳು ತಳದಲ್ಲಿ ಕರಿದು ಕರಿದು ಇದ್ದಿಲಾಗುತ್ತವೆ. ಮೂರನೆಯದು ಗಿರಾಕಿ ಇಲ್ಲದಾಗಲೂ ಉರಿ ಬಿಡುವುದು. ಮಿರ್ಚಿಗೆ 170-180 ಡಿಗ್ರಿ ಸಾಕು, ಹೊಗೆಯಾಡುವ ಎಣ್ಣೆ ಆಗಲೇ ಕೆಟ್ಟ ಎಣ್ಣೆ. ಪ್ರತಿ ಸರದಿ ಮುಗಿದ ಮೇಲೆ ಜಾಲರಿ ಸೌಟಿನಿಂದ ಕಾಳು ತೆಗೆಯಿರಿ, ರಾತ್ರಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಮುಚ್ಚಿದ ಸ್ಟೀಲ್ ಡಬ್ಬಿಗೆ ಹಾಕಿ. ಹಳೆ ಎಣ್ಣೆಗೆ ಹೊಸದು ಸುರಿದು ಸರಿ ಮಾಡಿದೆ ಅಂದುಕೊಳ್ಳಬೇಡಿ, ಹಳೆಯದರಲ್ಲಿ ಹುಟ್ಟಿದ ವಸ್ತುಗಳು ಹೊಸದನ್ನೂ ಬೇಗ ಎಳೆದುಕೊಂಡು ಹೋಗುತ್ತವೆ. ನೊರೆ ಇಳಿಯದೆ ನಿಂತರೆ, ಸೌಟಿನಿಂದ ಅಂಟಂಟಾಗಿ ಇಳಿದರೆ, ಕಪ್ಪಾದರೆ, ಅದನ್ನು ಬೇರೆ ಡಬ್ಬಿಗೆ ಹಾಕಿ ಮಾನ್ಯತೆ ಪಡೆದ ಸಂಗ್ರಹಗಾರರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರಿಗೆ ಈ ದಾಖಲೆ ಕಡ್ಡಾಯ. ನಿಮ್ಮದು ಅಷ್ಟಿರಲಾರದು, ಆದರೂ ಎಷ್ಟು ತಂದಿರಿ, ಎಷ್ಟು ತೆಗೆದಿರಿ ಎನ್ನುವ ಒಂದು ಪುಟ ನಿಮ್ಮನ್ನು ಕಾಯುತ್ತದೆ. ಗಟಾರಕ್ಕೆ ಚೆಲ್ಲುವುದೂ ತಪ್ಪು, ಬೀದಿಬದಿಯ ಗಾಡಿಗೆ ಅಗ್ಗಕ್ಕೆ ಮಾರುವುದು ಇನ್ನೂ ದೊಡ್ಡ ತಪ್ಪು.

ಮಿರ್ಚಿಯ ಎಣ್ಣೆ ಹೀರಲು, ಮಂಡಕ್ಕಿ ಕಟ್ಟಿಕೊಡಲು ನ್ಯೂಸ್‌ಪೇಪರ್ ಬಳಸುವುದು ನಮ್ಮೂರಿನಲ್ಲಿ ರೂಢಿ. 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಇದು ನಿಷಿದ್ಧ. ಬಿಸಿ ಎಣ್ಣೆ ಮುದ್ರಣದ ಶಾಯಿಯನ್ನು ಕರಗಿಸಿ ಮಿರ್ಚಿಗೆ ಹಚ್ಚುತ್ತದೆ, ಅಕ್ಷರ ಉಲ್ಟಾ ಅಚ್ಚಾಗಿರುವುದನ್ನು ನೀವೇ ನೋಡಿರುತ್ತೀರಿ. ಅಚ್ಚಿಲ್ಲದ ಬಿಳಿ ಕಾಗದ ಅಥವಾ ಮುತ್ತುಗದೆಲೆ ತನ್ನಿ. ಗೋಬಿ ಮಂಚೂರಿ ಶುರು ಮಾಡುವ ಆಲೋಚನೆ ಇದ್ದರೆ ಬಣ್ಣದ ಡಬ್ಬಿ ಅಂಗಡಿಯೊಳಗೇ ಇರಬಾರದು. 2024ರ ಮಾರ್ಚ್‌ನಲ್ಲಿ ಗೋಬಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದೆ. ಹಾಕಿಲ್ಲ, ಸುಮ್ಮನೆ ಇಟ್ಟಿದ್ದೆ ಎಂದರೆ ನಂಬುವವರು ಯಾರು?

ಸೌದೆ ಒಲೆ ತೆಗೆಯಬೇಕಿಲ್ಲ. ಆಹಾರ ಸುರಕ್ಷತೆಯ ನಿಯಮಗಳು ಅದನ್ನು ನಿಷೇಧಿಸಿಲ್ಲ. ಹೊಗೆ ಹೊರಹೋಗುವ ಚಿಮಣಿ, ಮಸಿ ಆಹಾರದ ಮೇಲೆ ಉದುರದಂತೆ ವ್ಯವಸ್ಥೆ ಕೇಳುತ್ತವೆ. ತಕರಾರು ಇರುವುದು ಒಲೆಯ ಬಗ್ಗೆ ಅಲ್ಲ, ಒಲೆ ಪಕ್ಕದ ಸೌದೆ ರಾಶಿಯ ಬಗ್ಗೆ. ವಾರದ ಸೌದೆಯನ್ನು ಒಳಗೆ ಪೇರಿಸಿದರೆ ಜಿರಳೆ, ಇಲಿ, ಚೇಳು ಮೂರಕ್ಕೂ ಮನೆ ಕಟ್ಟಿಕೊಟ್ಟಂತೆ. ಆ ಹೊತ್ತಿಗೆ ಬೇಕಾದಷ್ಟೇ ಒಳಗೆ, ಉಳಿದದ್ದು ಹೊರಗೆ ಸೂರಿನಡಿ. ಬಣ್ಣ ಬಳಿದ ಹಳೆ ಬಾಗಿಲು, ಪ್ಲೈವುಡ್ ಚೂರು ಉರಿಸಬೇಡಿ, ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಕಾವಲಿ ಗುಡಿಸುವ ಕಡ್ಡಿಪೊರಕೆಯನ್ನೂ ಗಮನಿಸಿ. ಸವೆದ ಪೊರಕೆಯ ಕಡ್ಡಿಯೊಂದು ದೋಸೆಯಲ್ಲಿ ಸಿಕ್ಕರೆ ಕಾನೂನಿನಲ್ಲಿ ಅದು ಅನ್ಯವಸ್ತು, 1 ಲಕ್ಷದವರೆಗೆ ದಂಡ ಇದೆ. ಪಾತ್ರೆ ತಿಕ್ಕುವ ಸ್ಟೀಲ್ ತಂತಿಯದೂ ಇದೇ ಕತೆ.

ಇಲಿಗೆ ವಿಷ ಇಡುವ ಮೊದಲು ದಾರಿ ಮುಚ್ಚಿ. ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ಚುಂಡಿಲಿ ತೂರುತ್ತದೆ. ಬಾಗಿಲ ಕೆಳಗೆ ತಗಡಿನ ಪಟ್ಟಿ, ಮೋರಿ ಬಾಯಿಗೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ. ಅಕ್ಕಿ, ಮಂಡಕ್ಕಿ ಚೀಲ ನೆಲದಿಂದಲೂ ಗೋಡೆಯಿಂದಲೂ ಅರ್ಧ ಅಡಿ ದೂರ ಇರಲಿ, ಹಿಂದೆ ಟಾರ್ಚ್ ಬಿಟ್ಟು ನೋಡುವಂತಿರಬೇಕು. ಮಂಡಕ್ಕಿ ಮತ್ತೆ ಬೇಯಿಸದೆ ತಿನ್ನುವ ಪದಾರ್ಥ, ಅದರ ಚೀಲದ ಮೇಲೆ ಇಲಿ ಓಡಾಡಿದರೆ ತಡೆಯಲು ಇನ್ನೊಂದು ಹಂತವೇ ಇಲ್ಲ. ಆದ್ದರಿಂದ ಮುಚ್ಚಳದ ಡ್ರಮ್ಮಿಗೆ ಸುರಿದಿಡಿ. ಜಿರಳೆಗೆ ಜೆಲ್ ಹಚ್ಚಿಸಿ, ಅಡುಗೆಮನೆಯಲ್ಲಿ ಸ್ಪ್ರೇ ಹೊಡೆಯಬೇಡಿ.

ಬೆಣ್ಣೆಯ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ. ಮೊದಲು ಆ ದಿನ ನಿಮ್ಮ ಕೈಗೆ ಕೊಟ್ಟ ಕಾಗದ ಹುಡುಕಿ. ಅದು ನಮೂನೆ 5ಎ ನೋಟಿಸ್ ಆಗಿದ್ದು, ಸ್ಯಾಂಪಲನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡಿ ನಿಮ್ಮ ಸಹಿ ಪಡೆದಿದ್ದರೆ ಅದು ಕಾನೂನುಕ್ರಮಕ್ಕೆ ತೆಗೆದ ಸ್ಯಾಂಪಲ್. ಒಂದು ಭಾಗ ಲ್ಯಾಬಿನ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ, ಅಂದರೆ ಆಹಾರ ಸುರಕ್ಷತಾ ಅಧಿಕಾರಿಯ ಮೇಲಧಿಕಾರಿಗೆ. ನಾಲ್ಕನೆಯದನ್ನು ನಿಮ್ಮ ಖರ್ಚಿನಲ್ಲಿ ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ಕೇಳುವ ಹಕ್ಕು ನಿಮ್ಮದು, ಅದನ್ನು ಸ್ಯಾಂಪಲ್ ತೆಗೆಯುವಾಗಲೇ ಬರೆದುಕೊಡಬೇಕು. ಬಹುತೇಕರಿಗೆ ಇದು ಗೊತ್ತೇ ಇಲ್ಲ. ಇಂಥ ಕಾಗದವಿಲ್ಲದೆ ಒಂದು ಪೊಟ್ಟಣ ಮಾತ್ರ ಒಯ್ದಿದ್ದರೆ ಅದು ಸಮೀಕ್ಷೆಯ ಸ್ಯಾಂಪಲ್, ಅದರ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಕೆಟ್ಟು ಬಂದರೆ ಮತ್ತೆ ಬಂದು ಕ್ರಮಬದ್ಧವಾಗಿ ತೆಗೆಯುತ್ತಾರೆ ಅಷ್ಟೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ ನಿಮ್ಮ ಕೈಸೇರಿದ 30 ದಿನದೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಹಾಕಿ. ಅವರು ಒಪ್ಪಿದರೆ ಉಳಿದ ಭಾಗ ರೆಫರಲ್ ಲ್ಯಾಬಿಗೆ ಹೋಗುತ್ತದೆ, ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು. ಅಲ್ಲಿನ ಮಾತೇ ಕೊನೆ.

ಬೆಣ್ಣೆ ಫೇಲಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಅಡುಗೆಯ ಬಿಳಿ ಬೆಣ್ಣೆಯಲ್ಲಿ ಹಾಲಿನ ಕೊಬ್ಬು 76% ಆದರೂ ಇರಬೇಕು. ಮಜ್ಜಿಗೆ ಸರಿಯಾಗಿ ಹಿಂಡದ ಹಳ್ಳಿಬೆಣ್ಣೆ ನೀರಿನಿಂದಲೇ ಕೆಳಗಿಳಿಯುತ್ತದೆ. ಇದು ಕಳಪೆ ಗುಣಮಟ್ಟ. ಎರಡನೆಯದು ವನಸ್ಪತಿ, ಮಾರ್ಗರೀನ್ ಬೆರಕೆ. ನೀವು ಬೆರೆಸಿಲ್ಲ ಎಂದರೂ ಮಾರಿದವರು ನೀವೇ. ನಿಮ್ಮನ್ನು ಉಳಿಸುವುದು ಬಿಲ್ಲು. ನೋಂದಣಿ ಅಥವಾ ಪರವಾನಗಿ ಇದ್ದವರಿಂದಲೇ ಕೊಳ್ಳಬೇಕು ಎನ್ನುವುದು ನಿಮ್ಮ ಪರವಾನಗಿಯ ಷರತ್ತೇ. ಬಿಲ್ಲಿನಲ್ಲಿ ಅವರ 14 ಅಂಕಿಯ ಸಂಖ್ಯೆ, ಜೊತೆಗೆ ನಮೂನೆ ಇ ಖಾತರಿ ಪತ್ರ ಇದ್ದರೆ ಹೊಣೆ ಹಿಂದಕ್ಕೆ ಹೋಗುತ್ತದೆ. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಬೆಣ್ಣೆಯ ರುಚಿಗೆ ಸಾಟಿಯಿಲ್ಲ, ನಿಜ. ಅದನ್ನು ಬಿಡಲಾಗದಿದ್ದರೆ ಆಕೆಯ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಡಿ, ಶುಲ್ಕ ವರ್ಷಕ್ಕೆ 100 ರೂಪಾಯಿ. ತಂದ ಬೆಣ್ಣೆಯಲ್ಲಿ ಒಂದು ಉಂಡೆ ಕಾಯಿಸಿ ತುಪ್ಪ ಎಷ್ಟು ಇಳಿಯಿತು ತೂಗಿ ನೋಡಿ. 100 ಗ್ರಾಮಿಗೆ 70ಕ್ಕಿಂತ ಕಮ್ಮಿ ಬಂದರೆ ಆ ಬೆಣ್ಣೆ ವಾಪಸ್.

ಇನ್ನು ನೋಟಿಸಿಗೆ ಉತ್ತರ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೇ ಕಲಮಿನ ಸುಧಾರಣಾ ನೋಟಿಸ್ ದಂಡವಲ್ಲ, ಅವಕಾಶ. ಸುಮ್ಮನಿದ್ದರೆ ಮಾತ್ರ ಪರವಾನಗಿ ಅಮಾನತು, ಆಮೇಲೆ ರದ್ದು, ಅದರ ಜೊತೆ ಅಶುಚಿತ್ವಕ್ಕೆ 1 ಲಕ್ಷದವರೆಗೆ, ಅಧಿಕಾರಿಯ ನಿರ್ದೇಶನ ಪಾಲಿಸದ್ದಕ್ಕೆ 2 ಲಕ್ಷದವರೆಗೆ ದಂಡದ ದಾರಿ ತೆರೆಯುತ್ತದೆ. ನೋಟಿಸೇ ತಪ್ಪು ಎನಿಸಿದರೆ ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು. ಅವಧಿ 15 ದಿನ ಅಥವಾ ನೋಟಿಸಿನ ಗಡುವು, ಯಾವುದು ಮೊದಲೋ ಅದು, ಅಂದರೆ ನಿಮಗೆ 14. ನೀವು ಬರೆದ ಅಂಶಗಳನ್ನು ನೋಡಿದರೆ ಅದರ ಅಗತ್ಯ ಕಾಣುವುದಿಲ್ಲ. ಒಂಬತ್ತು ಅಂಶಕ್ಕೂ ಅಧಿಕಾರಿ ಬರೆದ ಕ್ರಮಸಂಖ್ಯೆಯಲ್ಲೇ ಏನು ಮಾಡಿದಿರಿ, ಯಾವ ದಿನ, ಪುರಾವೆ ಏನು ಎಂದು ಬರೆಯಿರಿ. ಫೋಟೋ, ಬಿಲ್ಲು, ಲ್ಯಾಬಿಗೆ ನೀರು ಕೊಟ್ಟ ರಸೀದಿ, ತಾಪಮಾನ ಪುಸ್ತಕದ ಜೆರಾಕ್ಸ್ ಲಗತ್ತಿಸಿ. ಗೋಡೆಯ ಕೆಲಸ ಗಡುವಿನೊಳಗೆ ಮುಗಿಯದಿದ್ದರೆ ಮೇಸ್ತ್ರಿಯ ಕೊಟೇಶನ್ ಇಟ್ಟು ಇಂತಿಷ್ಟು ದಿನ ಬೇಕು ಅಂತ ಕೇಳಿ. ಒಲೆ ಮತ್ತು ಪಾತ್ರೆ ತೊಳೆಯುವ ಕಡೆ ನೀರು ಸಿಡಿಯುವ ಎತ್ತರದವರೆಗೆ ಟೈಲ್ಸ್ ಸಾಕು, ಉಳಿದ ಕಡೆ ತೊಳೆಯಬಹುದಾದ ತಿಳಿಬಣ್ಣ ನಡೆಯುತ್ತದೆ. ಈ ನೋಟಿಸಿಗೂ ಪಾಲಿಕೆಯ ಹೆಲ್ತ್ ಇನ್‌ಸ್ಪೆಕ್ಟರ್ ನೋಡುವ ಟ್ರೇಡ್ ಲೈಸೆನ್ಸ್, ಕಸ, ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರ ಕಡತಕ್ಕೆ ಹೋಗುವುದಿಲ್ಲ. ಪತ್ರವನ್ನು ಹನ್ನೆರಡನೇ ದಿನದೊಳಗೆ ಅಂಕಿತ ಅಧಿಕಾರಿಯ ಕಚೇರಿಗೆ ಖುದ್ದಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ.